ಕಡ್ಡಾಯ ಪತ್ರಿಕೆ ಮತ್ತು ನಮ್ಮೂರ ಬಸ್ಸು

ನನಗೆ ಭೌತಶಾಸ್ತ್ರ ಬೇಕಿತ್ತು, ಗಣಿತ ಬೇಕಿತ್ತು. ಸಂವಿಧಾನ ಬೇಕಿರಲಿಲ್ಲ. ಹಿರಿಯೂರಿನ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೇರಿದ ದಿನ ಕೈಗೆ ಕೊಟ್ಟ ಹಾಳೆಯಲ್ಲಿ ನಾನು ಆರಿಸಿಕೊಂಡ ವಿಷಯಗಳು ಮೇಲಿದ್ದವು. ಕೆಳಗೆ, ಯಾರೂ ಆರಿಸಿಕೊಳ್ಳದಿದ್ದರೂ ಎಲ್ಲರೂ ಓದಲೇಬೇಕಾದ ವಿಷಯಗಳ ಪಟ್ಟಿ ಇತ್ತು: ಎರಡು ಭಾಷೆ, ಪರಿಸರ ಅಧ್ಯಯನ, ಕಂಪ್ಯೂಟರ್, ಭಾರತದ ಸಂವಿಧಾನ. ಇವುಗಳಲ್ಲಿ ಒಂದು ಉಳಿದರೂ ಡಿಗ್ರಿ ಇಲ್ಲ. ಓದಿ ನನಗೆ ಮೈಯೆಲ್ಲ ಉರಿಯಿತು. ಹೋಟೆಲಿನಲ್ಲಿ ಮಸಾಲೆ ದೋಸೆ ಕೇಳಿದವಳಿಗೆ, ಮೊದಲು ಒಂದು ಬಟ್ಟಲು ಹಾಗಲಕಾಯಿ ಪಲ್ಯ ತಿಂದು ಮುಗಿಸು, ಆಮೇಲೆ ದೋಸೆ ಎಂದ ಹಾಗಿತ್ತು. ನನ್ನ ಕೋಪ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಇರುವುದು. ಅದಕ್ಕೆ ಮನೆಯಲ್ಲಿ ಎಲ್ಲರೂ ಅಪ್ಪನನ್ನು ದೂರುತ್ತಾರೆ.

ಸಂವಿಧಾನದ ತರಗತಿ ಶುಕ್ರವಾರ ಮಧ್ಯಾಹ್ನ, ಊಟವಾದ ಮೇಲೆ. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಎಲ್ಲರನ್ನೂ ಒಂದೇ ದೊಡ್ಡ ಹಾಲಿನಲ್ಲಿ ತುಂಬುತ್ತಿದ್ದರು. ಅಷ್ಟು ಜನಕ್ಕೆ ಫ್ಯಾನು ಎರಡೇ. ಮುಂದಿನ ಬೆಂಚಿನವರು ತೂಕಡಿಸುತ್ತಿದ್ದರು, ಹಿಂದಿನವರು ಮೊಬೈಲು ನೋಡುತ್ತಿದ್ದರು, ನಾನು ನಡುವೆ ಕೂತು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಕ್ಯಾಲ್ಕುಲಸ್ ಬಿಡಿಸುತ್ತಿದ್ದೆ. ಪಾಠ ಮಾಡುತ್ತಿದ್ದವರು ಅತಿಥಿ ಉಪನ್ಯಾಸಕರು, ಹೊಸದುರ್ಗ ತಾಲ್ಲೂಕಿನ ಮತ್ತೋಡಿನ ಕಡೆಯವರು. ವಾರದಲ್ಲಿ ಮೂರು ದಿನ ನಮ್ಮಲ್ಲಿ, ಮೂರು ದಿನ ಹೊಳಲ್ಕೆರೆಯ ಇನ್ನೊಂದು ಕಾಲೇಜಿನಲ್ಲಿ. ಬಸ್ಸಿನಲ್ಲಿ ಜೋತುಬಿದ್ದು ಬಂದು, ಹಾಲಿನ ಬಾಗಿಲಲ್ಲಿ ನಿಂತು ಜೇಬಿನ ಬಾಚಣಿಗೆಯಿಂದ ತಲೆ ಬಾಚಿಕೊಂಡು ಒಳಗೆ ಬರುತ್ತಿದ್ದರು. ಅವರಿಗೆ ನಾವು ‘ಹೆಚ್ಚುವರಿ ಮೇಷ್ಟ್ರು’ ಎಂದು ಹೆಸರಿಟ್ಟಿದ್ದೆವು. ಹೆಸರು ಹುಡುಕಿದವಳು ನಾನೇ. ಈಗ ಅದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಆ ವರ್ಷ ನನ್ನ ತಲೆ ತಿನ್ನುತ್ತಿದ್ದ ಚಿಂತೆಯೇ ಬೇರೆ. ನಮ್ಮೂರು ಧರ್ಮಪುರದಿಂದ ಆಚೆ, ಆಂಧ್ರದ ಗಡಿಗೆ ಹತ್ತಿರ. ಮುಖ್ಯರಸ್ತೆಯ ಕ್ರಾಸಿನಿಂದ ಊರಿಗೆ ಮೂರು ಕಿಲೋಮೀಟರು. ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸು ಊರೊಳಗೇ ಬಂದು, ಬೇವಿನಮರದ ಮುಂದಿನ ಬಯಲಿನಲ್ಲಿ ತಿರುಗಿ ಹೋಗುತ್ತಿತ್ತು. ದಸರೆ ಕಳೆದ ಮೇಲೆ ಅದು ಕ್ರಾಸಿನಲ್ಲೇ ನಿಲ್ಲತೊಡಗಿತು. ಬೆಳಿಗ್ಗೆ ಹೇಗೋ ನಡೆದುಬಿಡುತ್ತಿದ್ದೆ. ಸಂಜೆ ಇಳಿಯುವ ಹೊತ್ತಿಗೆ ಹೊತ್ತು ಮುಳುಗಿರುತ್ತಿತ್ತು. ದಾರಿಯ ಎರಡೂ ಬದಿ ಜಾಲಿಗಿಡ, ಮನೆ ಒಂದೂ ಇಲ್ಲ. ಊರಿನಿಂದ ಕಾಲೇಜಿಗೆ ಹೋಗುತ್ತಿದ್ದ ಹುಡುಗಿಯರು ನಾವು ಮೂವರು. ದೀಪಾವಳಿಯ ಹೊತ್ತಿಗೆ ಇಬ್ಬರು ಬಿಟ್ಟರು. ಉಳಿದ ನನಗಾಗಿ ಅವ್ವ ದಿನಾ ಸಂಜೆ ಕೈಯಲ್ಲೊಂದು ಕೋಲು ಹಿಡಿದು ಕ್ರಾಸಿಗೆ ಬಂದು ನಿಂತಿರುತ್ತಿದ್ದಳು. ದಿನವಿಡೀ ಹೊಲದಲ್ಲಿ ದುಡಿದ ಮೇಲೆ ಬರಲು ಮೂರು, ಹೋಗಲು ಮೂರು ಕಿಲೋಮೀಟರು.

ನಮ್ಮದು ಕುರಿ ಸಾಕುವ ಮನೆ. ಶೇಂಗಾ ಬೆಳೆಯುತ್ತೇವೆ, ಆದರೂ ಅಪ್ಪನಿಗೆ ಕುರಿಯೇ ಮೊದಲು. ದಸರೆ ಕಳೆಯುತ್ತಲೇ ಚಿಕ್ಕಪ್ಪನ ಜೊತೆ ಮಂದೆ ಹೊಡೆದುಕೊಂಡು ಹೊಸದುರ್ಗ, ಹೊಳಲ್ಕೆರೆ ಕಡೆಯ ಹೊಲಗಳಲ್ಲಿ ಗೊಬ್ಬರಕ್ಕೆ ಕುರಿ ನಿಲ್ಲಿಸಲು ಹೊರಟರೆ, ಮತ್ತೆ ಮನೆ ನೋಡುವುದು ಮುಂಗಾರಿಗೇ. ಬಸ್ಸಿನ ಸುದ್ದಿ ತಿಳಿದು ಅವನು ಫೋನಿನಲ್ಲಿ ಅವ್ವನಿಗೆ ಹೇಳಿದ್ದು ನನಗೂ ಕೇಳಿಸಿತು.

“ನಾನು ಊರಾಗಿಲ್ಲ. ಕತ್ಲಾಗೆ ನೀವಿಬ್ರೂ ಆ ದಾರ್‍ಯಾಗೆ ಬರೋದು ನಂಗೆ ಸರಿ ಕಾಣ್ಸಲ್ಲ. ಬಸ್ಸು ಊರಿಗೆ ಬಂದ್ರೆ ಓದ್ಲಿ. ಇಲ್ಲಾಂದ್ರೆ ಈ ಪರೀಕ್ಷೆ ಮುಗಿಸ್ಕಂಡು ಮನ್ಯಾಗಿರ್ಲಿ.”

ಅವನ ಮಾತಿನಲ್ಲಿ ತಪ್ಪು ಹುಡುಕಲು ನನಗೂ ಆಗಲಿಲ್ಲ. ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು. ಊರಿನವರೆಲ್ಲ ಬಸ್ ಡಿಪೋದವರಿಗೆ ಹಿಡಿಶಾಪ ಹಾಕುತ್ತಿದ್ದರು. ನಾನೂ ಸೇರಿಕೊಂಡು ಹಾಕಿದೆ.

ಇಂಥ ಹೊತ್ತಿನಲ್ಲಿ ಮೇಷ್ಟ್ರು ಆಂತರಿಕ ಅಂಕಗಳಿಗೆ ಒಂದು ಕೆಲಸ ಕೊಟ್ಟರು. ಪ್ರತಿಯೊಬ್ಬರೂ ತಮ್ಮ ತಮ್ಮ ಊರಿನ ಗ್ರಾಮಸಭೆಗೆ ಹೋಗಿ, ಕಂಡದ್ದನ್ನು ನಾಲ್ಕು ಪುಟ ಬರೆದು ತರಬೇಕು. ಯಾರೂ ಹೋಗಲಿಲ್ಲ, ಎಲ್ಲರೂ ಬರೆದೆವು. ಒಂದು ಸಂಜೆ ಕ್ರಾಸಿನಿಂದ ನಡೆದು ಬಂದು, ಕಾಲು ತೊಳೆದುಕೊಂಡು ಕೂತು ಒಂದೇ ಉಸಿರಿಗೆ ನಾಲ್ಕು ಪುಟ ತುಂಬಿಸಿದೆ. ಅಧ್ಯಕ್ಷರು ದೀಪ ಬೆಳಗಿಸಿದರು, ಮಹಿಳೆಯರು ಹೆಚ್ಚಿನ ಸಂಖ್ಯೆಯಲ್ಲಿ ಹಾಜರಿದ್ದರು, ಊರಿನ ಸಾರಿಗೆ ಸೌಲಭ್ಯ ಉತ್ತಮವಾಗಿದೆ ಎಂದು ಎಲ್ಲರೂ ಸಂತೋಷ ವ್ಯಕ್ತಪಡಿಸಿದರು. ಕಾಲು ನೋಯುತ್ತಿದ್ದಾಗಲೇ ಆ ಕೊನೆಯ ವಾಕ್ಯ ಬರೆದೆ. ಬರೆಯುವಾಗ ಕೈ ಒಂದಿಷ್ಟೂ ತಡೆಯಲಿಲ್ಲ.

ಮುಂದಿನ ಶುಕ್ರವಾರ ಮೇಷ್ಟ್ರು ಆ ವರದಿಗಳ ಕಟ್ಟನ್ನು ಮೇಜಿನ ಮೇಲಿಟ್ಟು ಎಲ್ಲರ ಮುಖ ನೋಡಿದರು.

“ಎಲ್ಲಾ ಓದ್ದೆ ಕಣ್ರಪ್ಪ. ಇಷ್ಟು ಊರಿನ ಸಭೆ, ಒಂದ್ರಾಗೂ ಜಗಳ ಇಲ್ಲ. ಜಗಳ ಇಲ್ದಿರೋ ಸಭೆ ನಮ್ ಜಿಲ್ಲೆನಾಗೆ ಎಲ್ಲೈತ್ರಿ? ನಂಗೂ ತೋರಿಸ್ರಿ, ಒಟ್ಟಿಗೇ ಹೋಗಾಣ. ಟೀ ಬರ್ಲಿಲ್ಲ ಅಂತಾನಾದ್ರೂ ಯಾರೂ ಬೈದಿಲ್ವಲ್ರಿ!”

ತೂಕಡಿಸುತ್ತಿದ್ದವರೂ ಎದ್ದು ನಕ್ಕರು. ಅವರು ಯಾರನ್ನೂ ಬೈಯಲಿಲ್ಲ, ಯಾರಿಗೂ ಒಂದು ಅಂಕವನ್ನೂ ಕೊಡಲಿಲ್ಲ. ಕಟ್ಟನ್ನು ಹಾಗೇ ವಾಪಸು ಹಂಚಿಸಿದರು.

“ಸಭೆ ನಡೆದಿಲ್ಲ ಅಂದ್ರೆ ನಡೆದಿಲ್ಲ ಅಂತ ಬರೀರಿ, ಮಾರ್ಕ್ಸ್ ಕೊಡ್ತೀನಿ. ಆದ್ರೆ ಪಂಚಾಯ್ತಿಗೆ ಹೋಗಿ ನಡಾವಳಿ ಪುಸ್ತಕ ತೋರಿಸ್ರಿ ಅಂತ ಕೇಳ್ರಿ. ನಿಮ್ಮೂರು ಏನು ತೀರ್ಮಾನ ಮಾಡೈತೆ ಅಂತ ಅದ್ರಾಗೆ ಬರೆದಿರ್ತಾರೆ. ಅದು ಆಫೀಸಿನೋರ ಪುಸ್ತಕ ಅಲ್ಲ, ನಿಮ್ಮದು. ಓದ್ಕಂಡು ಬರ್ರಿ.”

ನನ್ನ ವರದಿ ಕೊಡುವಾಗ ಮಾತ್ರ ಅವರು ಒಂದು ಗಳಿಗೆ ನಿಂತರು. “ನೀವು ಧರ್ಮಪುರದ ಆಚೆಯೋರಲ್ವೇನಮ್ಮ? ಸಾರಿಗೆ ಉತ್ತಮ ಅಂತ ಬರ್ದೀರಿ. ಮತ್ತೆ ದಿನಾ ಚಪ್ಪಲಿ ತುಂಬಾ ಕೆಂಪು ಮಣ್ಣು ಹೊತ್ಕಂಡು ಯಾಕೆ ಬರ್ತೀರಿ?”

ಅಷ್ಟು ದೊಡ್ಡ ಹಾಲಿನಲ್ಲಿ ನನ್ನ ಚಪ್ಪಲಿಯನ್ನು ನೋಡಿದ್ದವರು ಅವರೊಬ್ಬರೇ. ಆಗ ನನಗೆ ಅದು ಹೊಳೆಯಲಿಲ್ಲ. ಎಲ್ಲರೆದುರು ಮಾನ ಕಳೆದರೆಂದು ರಾತ್ರಿಯಿಡೀ ಕುದಿದೆ.

ಪಂಚಾಯಿತಿ ಕಚೇರಿ ಪಕ್ಕದ ಊರಿನಲ್ಲಿತ್ತು. ಶನಿವಾರ ಮಧ್ಯಾಹ್ನ ಹೋದಾಗ ಬಿಲ್ ಕಲೆಕ್ಟರ್ ಒಬ್ಬರೇ ಕೂತಿದ್ದರು.

“ಏನವ್ವ, ಯಾವ ಸ್ಕೀಮು?”

“ಸ್ಕೀಮಲ್ಲ. ನಮ್ಮೂರಿನ ನಡಾವಳಿ ಪುಸ್ತಕ ನೋಡ್ಬೇಕಿತ್ತು.”

“ಅದ್ಯಾಕೆ? ಯಾರು ಕಳ್ಸಿದ್ರು ನಿನ್ನ?”

“ಕಾಲೇಜಿಂದ. ಕಡ್ಡಾಯ.”

ನಾನು ಅಷ್ಟು ದ್ವೇಷಿಸುತ್ತಿದ್ದ ಪದ ಮೊದಲ ಬಾರಿಗೆ ನನ್ನ ಕೆಲಸಕ್ಕೆ ಬಂತು. ಕಡ್ಡಾಯವೆಂದ ಕೂಡಲೇ ಅವರು ಎದ್ದು ಬೀರು ತೆರೆದರು.

ದಸರೆಯ ಆಸುಪಾಸಿನ ಪುಟ. ಮೂರನೆಯ ವಿಷಯ. ಬೇವಿನಮರದ ಮುಂದಿನ ಬಯಲಿನಲ್ಲಿ ರೈತರು ಶೇಂಗಾ ಒಣಹಾಕುವುದರಿಂದ ಬಸ್ಸು ತಿರುಗಲು ಅಡಚಣೆಯಾಗುತ್ತಿದ್ದು, ಬಸ್ಸನ್ನು ಕ್ರಾಸಿನಲ್ಲಿಯೇ ನಿಲ್ಲಿಸುವಂತೆ ಡಿಪೋಗೆ ಪತ್ರ ಬರೆಯಲು ಸಭೆ ಸರ್ವಾನುಮತದಿಂದ ಒಪ್ಪಿದೆ, ಎಂದಿತ್ತು. ನಾನು ಎರಡು ಸಲ ಓದಿದೆ.

ಬಿಲ್ ಕಲೆಕ್ಟರ್ ವಿವರಿಸಿದ ಮೇಲೆ ಎಲ್ಲ ತಿಳಿಯಿತು. ಶೇಂಗಾ ಕಿತ್ತ ಮೇಲೆ ಹದಿನೈದು ದಿನ ಆ ಬಯಲು ಇಡೀ ಊರಿಗೆ ಬೇಕು. ಅಷ್ಟು ಸಮನಾದ ಜಾಗ ಇನ್ನೊಂದಿಲ್ಲ. ಪ್ರತಿ ವರ್ಷ ಡ್ರೈವರಿಗೆ ಬಾಯಿಮಾತಿನಲ್ಲಿ ಹೇಳುತ್ತಿದ್ದರು, ಅವನು ಹದಿನೈದು ದಿನ ಕ್ರಾಸಿನಲ್ಲಿ ನಿಲ್ಲಿಸಿ ಮತ್ತೆ ಒಳಗೆ ಬರುತ್ತಿದ್ದ. ಈ ಸಲ ಹೊಸ ಡ್ರೈವರ್. ಬರೆದು ಕೊಡಿ ಎಂದ. ಬರೆದು ಕೊಟ್ಟರು. ಎಷ್ಟು ದಿನ ಎಂದು ಬರೆಯಬೇಕೆಂದು ಯಾರಿಗೂ ತೋಚಲಿಲ್ಲ. ಶೇಂಗಾ ಎಷ್ಟು ದಿನ ಒಣಗುತ್ತದೆಂದು ನಮ್ಮೂರಿನಲ್ಲಿ ಯಾರಿಗೆ ಗೊತ್ತಿಲ್ಲ? ಗೊತ್ತಿಲ್ಲದವರು ಡಿಪೋದಲ್ಲಿದ್ದರು. ಊರಿನವರೇ ಬೇಡವೆಂದಿದ್ದಾರೆ ಎಂದು ಅವರು ಬಸ್ಸಿನ ದಾರಿಯನ್ನೇ ತಿದ್ದಿಬಿಟ್ಟರು. ನಾವು ಇಷ್ಟು ದಿನ ಬೈದದ್ದು ನಮ್ಮ ಮಾತು ಕೇಳಿದವರನ್ನು.

ಕೆಳಗೆ ಸಹಿಗಳಿದ್ದವು. ನಮ್ಮಲ್ಲಿ ಸಭೆಗೆ ಜನ ಸೇರದಿದ್ದರೆ ಪುಸ್ತಕವೇ ಮನೆಮನೆಗೆ ಬರುತ್ತದೆ. ಬೆಳಿಗ್ಗೆ ನೀರು ಬಿಡಲು ಹೊರಟ ನೀರಗಂಟಿ ಅದನ್ನೂ ಕಂಕುಳಲ್ಲಿ ಇಟ್ಟುಕೊಂಡು ಬರುತ್ತಾನೆ, ಹೆಂಗಸರು ಬಾಗಿಲಲ್ಲೇ ನಿಂತು ಹೆಬ್ಬೆಟ್ಟು ಒತ್ತುತ್ತಾರೆ. ಆ ಪುಟದ ಮೊದಲ ಸಹಿ ನನ್ನ ಅವ್ವನದು. ದಪ್ಪ ದಪ್ಪ ಅಕ್ಷರ, ಗೆರೆಗಿಂತ ಮೇಲೆ, ಒಂದೊಂದಕ್ಕೂ ನಡುವೆ ಜಾಗ. ವಯಸ್ಕರ ಶಿಕ್ಷಣಕ್ಕೆ ಹೋಗಿ ಹೆಸರು ಬರೆಯಲು ಕಲಿತ ಮೇಲೆ ಅವಳು ಎಲ್ಲಿ ಪೆನ್ನು ಕೊಟ್ಟರೂ ಬಿಡುತ್ತಿರಲಿಲ್ಲ.

ಅದರ ಕೆಳಗೆ ಇನ್ನೊಂದು ಸಹಿ ಇತ್ತು. ಇಂಗ್ಲಿಷಿನಲ್ಲಿ, ಓರೆಯಾಗಿ, ಕೊನೆಯಲ್ಲಿ ಉದ್ದ ಬಾಲದ ಸಹಿ. ನನ್ನದು.

ನೆನಪಾಯಿತು. ಒಂದು ಜಡೆ ಹೆಣೆದು, ಇನ್ನೊಂದಕ್ಕೆ ಬಾಚಣಿಗೆ ಬಾಯಲ್ಲಿ ಕಚ್ಚಿಕೊಂಡು, ಬಸ್ಸಿಗೆ ತಡವಾಯಿತೆಂದು ಓಡಾಡುತ್ತಿದ್ದ ಬೆಳಿಗ್ಗೆ. ನೀರಗಂಟಿ ಪುಸ್ತಕ ಹಿಡಿದಿದ್ದ. ನಾನು ಗೋಡೆಗೆ ಆನಿಸಿ, ಏನೆಂದೂ ನೋಡದೆ ಗೀಚಿ ಬಸ್ಸಿಗೆ ಓಡಿದ್ದೆ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ರಾಗಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟಳು.

“ನಾನು ಹಾಕಿದ್ದಾ?”

“ಹೂನವ್ವ. ಮೊದಲ್ನೇದೇ ನಿಂದು.”

“ಅವ್ನು ಪುಸ್ತಕ ತಂದ, ನಾನು ಹಾಕ್ದೆ. ನಂಗೂ ಹೆಸ್ರು ಬರಿಯಾಕೆ ಬರ್ತೈತಲ್ಲ ಅಂತ ಖುಷಿ ನಂಗೆ.” ಆಮೇಲೆ ನನ್ನ ಕಡೆ ತಿರುಗಿದಳು. “ನಂಗೆ ಓದಾಕೆ ಬರಲ್ಲ. ನಿಂಗೆ ಬರ್ತೈತಲ್ಲ, ನೀನ್ಯಾಕೆ ಓದ್ಲಿಲ್ಲ?”

ನಾನು ಅವಳು ಕೆಳಗಿಟ್ಟ ಮೊರ ಎತ್ತಿಕೊಂಡು ಉಳಿದ ರಾಗಿ ಕೇರತೊಡಗಿದೆ.

ಶುಕ್ರವಾರ ತರಗತಿಗೆ ಮೊದಲೇ ಹೋಗಿ ಮೇಷ್ಟ್ರಿಗೆ ಎಲ್ಲವನ್ನೂ ಹೇಳಿದೆ. ಅಪ್ಪನ ಮಾತನ್ನೂ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ಅವರು ನಗಲಿಲ್ಲ, ಅಯ್ಯೋ ಎನ್ನಲೂ ಇಲ್ಲ. ಬಾಚಣಿಗೆ ಜೇಬಿಗೆ ಸೇರಿಸಿ ಒಳಗೆ ಬಂದು, ಆ ದಿನದ ಪಾಠ ಪಕ್ಕಕ್ಕಿಟ್ಟು, ಒಂದು ಊರು ತಾನು ಮಾಡಿದ ತೀರ್ಮಾನವನ್ನು ತಾನೇ ಹೇಗೆ ಬದಲಾಯಿಸಬಹುದು ಎಂದು ಪೂರ್ತಿ ಒಂದು ಗಂಟೆ ಹೇಳಿದರು. ಅರ್ಜಿಯಲ್ಲಿ ಏನಿರಬೇಕು, ಅದನ್ನು ಯಾರಿಗೆ ಕೊಡಬೇಕು, ಸ್ವೀಕೃತಿ ಹೇಗೆ ಕೇಳಬೇಕು, ಸಹಿಗೆ ಮುಂಚೆ ತೀರ್ಮಾನವನ್ನು ಗಟ್ಟಿಯಾಗಿ ಓದಿಸಿ ಎಂದು ಕೇಳುವುದು ಯಾಕೆ ತಪ್ಪಲ್ಲ. ಯಾರ ಊರು, ಯಾರ ಬಸ್ಸು ಎಂದು ಬಾಯಿ ಬಿಡಲಿಲ್ಲ. ಅವತ್ತು ನಾನು ನೋಟ್‌ಬುಕ್ಕಿನ ಕೊನೆಯ ಪುಟ ತೆರೆಯಲಿಲ್ಲ. ಮುಗಿಸಿ ಹೋಗುವಾಗ ಅವರು ಕೇಳಿದ್ದು ಒಂದೇ: “ಮುಂದಿನ ಸಭೆ ಯಾವತ್ತಮ್ಮ?”

ಸಂಕ್ರಾಂತಿ ಕಳೆದ ವಾರ ನಮ್ಮೂರಿನ ಶಾಲೆಯ ಅಂಗಳದಲ್ಲಿ ಸಭೆ ಸೇರಿತು. ಅವ್ವ ಓಣಿಯ ಹೆಂಗಸರನ್ನೆಲ್ಲ ಮನೆಮನೆಗೆ ಹೋಗಿ ಎಬ್ಬಿಸಿಕೊಂಡು ಬಂದಿದ್ದಳು. ನಿಜವಾದ ಸಭೆ ಹೇಗಿರುತ್ತದೆಂದು ಅವತ್ತು ನೋಡಿದೆ. ಕೊಳವೆ ನೀರಿಗೆ ಒಂದು ಜಗಳ, ಬೀದಿ ದೀಪಕ್ಕೆ ಒಂದು ಜಗಳ, ಟೀಗೆ ಸಕ್ಕರೆ ಕಡಿಮೆ ಎಂದು ಇನ್ನೊಂದು. ನಡುವೆ ಒಬ್ಬರು ಬಂದು ಶಾಲೆಯ ಮೆಟ್ಟಿಲ ಮೇಲೆ ಹಿಂದೆ ಕೂತರು. ಮೇಷ್ಟ್ರು! ಮತ್ತೋಡಿನಿಂದ ಮೂರು ಬಸ್ಸು ಬದಲಾಯಿಸಿ, ಕ್ರಾಸಿನಿಂದ ನಡೆದು ಬಂದಿದ್ದರು. ಅವರ ಚಪ್ಪಲಿಗೂ ನಮ್ಮೂರ ಕೆಂಪು ಮಣ್ಣು ಹತ್ತಿತ್ತು. ಊರವರು “ಮುಂದೆ ಬರ್‍ರಿ, ಕುರ್ಚಿ ಮ್ಯಾಲೆ ಕುಂತ್ಕಳ್ರಿ” ಎಂದರೂ ಏಳಲಿಲ್ಲ. ಸಭೆ ಮುಗಿಯುವ ತನಕ ಒಂದು ಮಾತೂ ಆಡಲಿಲ್ಲ.

ನನ್ನ ಅರ್ಜಿಯನ್ನು ನಾನು ಓದಿದೆ. ಮುಗಿಸುವ ಮೊದಲೇ ಹಿರಿಯರೊಬ್ಬರು ಎದ್ದರು.

“ಬಸ್ಸು ಬರ್ಲವ್ವ, ಯಾರು ಬ್ಯಾಡ ಅಂದ್ರು? ಬರೋ ವರ್ಷ ಶೇಂಗಾ ಎಲ್ಲಿ ಒಣಗ್ಸಾಣ, ನಿನ್ ತಲೆ ಮ್ಯಾಲಾ?”

ಎಲ್ಲರೂ ನಕ್ಕರು. ಹೌದಲ್ಲ, ಶೇಂಗಾ ಎಲ್ಲಿ ಒಣಗಿಸಬೇಕು? ಬಸ್ಸು ಬೇಕೆಂದು ಕೇಳಲು ಬಂದವಳು ಬಯಲಿನ ಬಗ್ಗೆ ಯೋಚಿಸಿಯೇ ಇರಲಿಲ್ಲ. ಆಗ ಹೆಂಗಸರ ಸಾಲಿನಿಂದ ಅವ್ವ ಎದ್ದು ನಿಂತಳು. ಗಂಡಸರ ಸಭೆಯಲ್ಲಿ ಅವಳು ದನಿ ತೆಗೆದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

“ನಮ್ ರೊಪ್ಪದಾಗೆ ಒಣಗಿಸ್ರಿ ಮಾವ,” ಎಂದಳು. ರೊಪ್ಪ ಎಂದರೆ ನಮ್ಮ ಕುರಿ ಕೂಡುವ ಜಾಗ, ಸುತ್ತ ಕಲ್ಲುಗೋಡೆ. “ದಸರೆಗೆ ಕುರಿ ಹೊಂಟೋಗ್ತವೆ. ಮುಂಗಾರಿನ ತಂಕ ಅದು ಖಾಲಿ ಬಿದ್ದಿರ್ತೈತೆ. ಬಯಲಿನಷ್ಟೇ ಐತೆ, ಗೋಡೇನೂ ಐತೆ, ದನ ನುಗ್ಗಾಂಗಿಲ್ಲ. ನಾನೇ ಗುಡಿಸಿ ಸಾರಿಸಿ ಕೊಡ್ತೀನಿ. ನನ್ ಮಗಳ ಬಸ್ಸು ಬಿಡ್ರಿ.”

ಆ ಹಿರಿಯರು ತಲೆ ಕೆರೆದುಕೊಂಡು, “ಇದು ನಮ್ಗ್ಯಾಕೆ ಹೊಳೀಲಿಲ್ಲ?” ಎಂದು ಪಕ್ಕದವರನ್ನು ಕೇಳುತ್ತಾ ಕೂತರು. ನನ್ನ ಅವ್ವನನ್ನು ಅವತ್ತು ನಾನು ಮೊದಲ ಸಲ ನೋಡುತ್ತಿದ್ದೇನೆ ಅನ್ನಿಸಿತು.

ತೀರ್ಮಾನ ಬರೆದರು. ಪುಸ್ತಕ ಸಹಿಗೆ ಹೊರಟು ಮೊದಲು ಅವ್ವನ ಕೈಗೇ ಬಂತು. ಅವಳು ಪೆನ್ನು ಹಿಡಿಯಲಿಲ್ಲ.

“ಓದ್ರಿ,” ಎಂದಳು.

ಪಂಚಾಯಿತಿಯ ಕಾರ್ಯದರ್ಶಿ ಗಡಗಡನೆ ಓದಿದರು.

“ಮೆಲ್ಲಗೆ ಓದ್ರಿ. ಎಷ್ಟು ದಿನ ಅಂತ ಬರ್ದೀರಿ?”

ಅವರು ಪುಟ ನೋಡಿದರು, ಮತ್ತೊಂದು ಸಾಲು ಸೇರಿಸಿದರು: ವರ್ಷವಿಡೀ, ಬೆಳಿಗ್ಗೆ ಮತ್ತು ಸಂಜೆ. ಮತ್ತೆ ಓದಿದರು. ಆಗ ಅವ್ವ ನಿಧಾನವಾಗಿ, ಒಂದೊಂದೇ ಅಕ್ಷರ ಕೂರಿಸಿ ಹೆಸರು ಬರೆದಳು. ಬರೆದು ಪುಸ್ತಕವನ್ನು ನನ್ನ ಕಡೆ ತಳ್ಳಿದಳು.

“ನೀನೂ ಹಾಕು. ಈ ಸಲ ಓದಿ ಹಾಕು.”

ನಾನು ಮೊದಲ ಸಾಲಿನಿಂದ ಕೊನೆಯವರೆಗೆ ಓದಿದೆ. ಅವಳ ಹೆಸರಿನ ಕೆಳಗೆ, ಬಾಲ ಎಳೆಯದೆ, ಕನ್ನಡದಲ್ಲಿ ನನ್ನ ಹೆಸರು ಬರೆದೆ.

ಪ್ರತಿಯನ್ನು ಡಿಪೋಗೂ ಚಿತ್ರದುರ್ಗದಲ್ಲಿದ್ದ ಬಸ್ಸಿನವರ ಮೇಲಿನ ಕಚೇರಿಗೂ ಅವ್ವನೂ ನಾನೂ ಸೇರಿ ಒಯ್ದು ಕೊಟ್ಟೆವು. ಸುಮಾರು ಮೂರು ವಾರ ಏನೂ ಆಗಲಿಲ್ಲ. ಪರೀಕ್ಷೆ ಹತ್ತಿರ ಬಂತು. ಅಪ್ಪನ ಮಾತು ಅಪ್ಪನದೇ, ಅವನು ಬದಲಾಯಿಸಲಿಲ್ಲ. ಒಂದು ಸೋಮವಾರ ಬೆಳಿಗ್ಗೆ ನಾನು ಕ್ರಾಸಿಗೆ ಹೊರಡಲು ಚಪ್ಪಲಿ ಮೆಟ್ಟುತ್ತಿರುವಾಗ ಬೇವಿನಮರದ ಕಡೆಯಿಂದ ಹಾರ್ನು ಕೇಳಿಸಿತು. ಅವ್ವ ಸಗಣಿ ಕೈಯಲ್ಲೇ ಓಡಿದಳು. ಬಸ್ಸು ಖಾಲಿ ಬಯಲಿನಲ್ಲಿ ಒಂದು ಸುತ್ತು ತಿರುಗಿ ನಿಂತಿತ್ತು. ಅವತ್ತು ಸಂಜೆ ಅಪ್ಪ ಫೋನಿನಲ್ಲಿ, “ಮುಂದಿನ ಸೆಮಿಸ್ಟರಿನ ಪುಸ್ತಕ ಏನೇನು ಬೇಕು, ಬರ್ಕಂಡು ಇಟ್ಕಾ,” ಎಂದಷ್ಟೇ ಹೇಳಿದ. ಕಾಲೇಜು ಬಿಟ್ಟಿದ್ದ ಇಬ್ಬರಲ್ಲಿ ಒಬ್ಬಳು ವಾಪಸು ಬಂದಳು. ಇನ್ನೊಬ್ಬಳಿಗೆ ಅಷ್ಟರಲ್ಲಿ ಮದುವೆ ಗೊತ್ತಾಗಿತ್ತು. ಆ ಹದಿನೈದು ದಿನ ಎಂಬ ಮಾತು ಆ ಪುಸ್ತಕದಲ್ಲಿ ಇಲ್ಲದೆ ಹೋದದ್ದಕ್ಕೆ ಅವಳು ತೆತ್ತದ್ದು ದೊಡ್ಡದು. ಅವಳ ನೆನಪಾದಾಗ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಹೊಸದಾಗಿ ಬರೆದ ವರದಿಗೆ ಮೇಷ್ಟ್ರು ಹತ್ತಕ್ಕೆ ಒಂಬತ್ತು ಕೊಟ್ಟರು. ನಾನು ಬಿಡುವವಳೇ? ಒಂದು ಅಂಕ ಎಲ್ಲಿ ಹೋಯಿತೆಂದು ಕೇಳಿದೆ.

“ನಿಮ್ಮವ್ವ ಮಾತಾಡಿದ್ದು ನಾನೂ ಕೇಳೀನಿ. ನೀವು ಅದನ್ನ ‘ಗ್ರಾಮಸ್ಥೆಯೊಬ್ಬರು ಪರ್ಯಾಯ ಸ್ಥಳವನ್ನು ಸೂಚಿಸಿದರು’ ಅಂತ ಮಾಡೀರಿ. ಆಯಮ್ಮ ಹೇಳಿದ್ದೇ ಬರೀಬೇಕಿತ್ತು.”

ನನಗೆ ಭೌತಶಾಸ್ತ್ರ ಇಷ್ಟ, ಗಣಿತದಿಂದಲೇ ಅನ್ನ ತಿನ್ನುತ್ತಿದ್ದೇನೆ. ಆದರೂ ಮೂರು ವರ್ಷದ ಡಿಗ್ರಿಯಲ್ಲಿ ನನ್ನ ಓದನ್ನು ಉಳಿಸಿದ್ದು ಆರಿಸಿಕೊಂಡ ವಿಷಯಗಳಲ್ಲ, ಬೈದುಕೊಂಡು ಕೂತ ಆ ಶುಕ್ರವಾರದ ಪತ್ರಿಕೆ. ಮೇಷ್ಟ್ರು ಈಗಲೂ ಅತಿಥಿ ಉಪನ್ಯಾಸಕರೇ. ಹೋದ ವರ್ಷ ಚಿತ್ರದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ತಲೆ ನರೆತಿದೆ, ಬಾಚಣಿಗೆ ಜೇಬಿನಲ್ಲೇ ಇದೆ. ಹೆಚ್ಚುವರಿ ಮೇಷ್ಟ್ರು ಎಂದು ಹೆಸರಿಟ್ಟವಳು ನಾನೇ ಎಂದು ಅವರೆದುರು ಒಪ್ಪಿಕೊಂಡೆ. “ಗೊತ್ತಿತ್ತಮ್ಮ,” ಎಂದ ಅವರು ನನ್ನ ಕಾಲಿನ ಕಡೆ ನೋಡಿ ನಕ್ಕರು. ನಾನೂ ನಕ್ಕೆ.

ಈಗ ನಾನು ಹೊರಕೆರೆದೇವಪುರದ ಕಡೆ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ನಮ್ಮಲ್ಲೂ ಶಿಕ್ಷಕರ ಸಭೆಯ ಪುಸ್ತಕ ಸಹಿಗೆಂದು ತರಗತಿಯಿಂದ ತರಗತಿಗೆ ಬರುತ್ತದೆ. ಎಲ್ಲರೂ ಬಾಗಿಲಲ್ಲೇ ಗೀಚಿ ಕಳಿಸುತ್ತಾರೆ. ನಾನು ಸೀಮೆಸುಣ್ಣ ಕೆಳಗಿಟ್ಟು, ಕೈ ಒರೆಸಿಕೊಂಡು, ಒಂದೊಂದು ಸಾಲೂ ಓದುತ್ತೇನೆ. ಮೊನ್ನೆ ಹೊಸದಾಗಿ ಬಂದ ಸಹೋದ್ಯೋಗಿಯೊಬ್ಬರು ಬೇಸರದಿಂದ ಕೇಳಿದರು.

“ಅಷ್ಟೊಂದು ಏನು ಓದ್ತೀರಿ ಮೇಡಂ, ಎಲ್ಲಾ ಗೊತ್ತಿರೋದೇ ಅಲ್ವಾ?”

“ಬಸ್ಸು ಐತೋ ಇಲ್ವೋ ನೋಡ್ತಿದ್ದೀನಿ ರೀ,” ಎಂದೆ.